ನೆಟ್‌ವರ್ಕ್ ಇಲ್ಲದ ಊರಿನ ರಸ್ತೆಗಳನ್ನು ಗಾಡಿಯಿಂದಲೇ ಫೋಟೊ ತೆಗೆದು ದಾಖಲಿಸಬೇಕು: ಯಾವ ಕ್ಯಾಮೆರಾ, ಹೇಗೆ ಕಟ್ಟುವುದು?

ನಿಟ್ಟೂರು ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ನಗರ, ನಿಟ್ಟೂರು, ಸಂಪೆಕಟ್ಟೆ ಕಡೆ. ಊರಿನ ಕೆಲವರು ಸೇರಿ ಒಂದು ಕೆಲಸಕ್ಕೆ ಕೈ ಹಾಕಿದ್ದೇವೆ. ಸುತ್ತಲಿನ ಊರುಗಳ ರಸ್ತೆಯನ್ನು ಪೂರ್ತಿ ಫೋಟೊ ತೆಗೆದಿಡಬೇಕು. ಹೊಂಡ ಎಲ್ಲಿದೆ, ರಸ್ತೆ ಅಡಿಯಿಂದ ನೀರು ದಾಟುವ ಮೋರಿ ಎಲ್ಲಿ ಕಟ್ಟಿಕೊಂಡಿದೆ, ಚರಂಡಿ ಎಲ್ಲಿ ಮುಚ್ಚಿಹೋಗಿದೆ, ಧರೆ (ರಸ್ತೆ ಪಕ್ಕದ ಎತ್ತರದ ಮಣ್ಣಿನ ಗೋಡೆ) ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಾ. ಮಳೆಗಾಲಕ್ಕೆ ಮೊದಲು ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ, ಹೀಗೆ ಪ್ರತಿ ವರ್ಷ.

ಯಾಕೆ ಅಂದರೆ, ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಲ್ಲ, ಜೋರು ಮಳೆಗೆ ಹೆಸರಾದ ಹುಲಿಕಲ್ ಇರುವುದು ನಮ್ಮ ತಾಲ್ಲೂಕಿನಲ್ಲೇ. ಪ್ರತಿ ಮಳೆಗಾಲದಲ್ಲೂ ಎಲ್ಲೋ ಒಂದು ಕಡೆ ಧರೆ ಕುಸಿಯುತ್ತದೆ, ಮೋರಿ ಕಿತ್ತುಹೋಗುತ್ತದೆ. ಆಮೇಲೆ ಗ್ರಾಮಸಭೆಯಲ್ಲಿ ಒಬ್ಬರು "ಇದು ಹೋದ ವರ್ಷವೇ ಹೀಗಿತ್ತು" ಅಂತಾರೆ, ಇನ್ನೊಬ್ಬರು "ಇಲ್ಲ, ಈ ಸಲದ ಮಳೆಗೆ ಆಗಿದ್ದು" ಅಂತಾರೆ. ತೋರಿಸುವುದಕ್ಕೆ ಯಾರ ಹತ್ತಿರವೂ ಏನೂ ಇರುವುದಿಲ್ಲ. ಅದೇ ಜಾಗದ ಎರಡು ಫೋಟೊ, ತಾರೀಕಿನ ಜೊತೆ ಪಕ್ಕಪಕ್ಕ ಇಟ್ಟರೆ ಆ ಮಾತು ಅಲ್ಲಿಗೇ ಮುಗಿಯುತ್ತದೆ, ಮುಂದಿನ ಕೆಲಸದ ಮಾತಿಗೆ ಹೋಗಬಹುದು.

ತೊಂದರೆಗಳು ಇವು. ದಾರಿಯ ಬಹುಪಾಲು ನೆಟ್‌ವರ್ಕ್ ಇಲ್ಲ. ಹಾಗಾಗಿ ಫೋಟೊ ತೆಗೆದ ತಕ್ಷಣ ಎಲ್ಲೋ ಅಪ್‌ಲೋಡ್ ಆಗಬೇಕು ಅನ್ನುವ ಆ್ಯಪ್ ನಮಗೆ ಬೇಡ. ಗಾಡಿ ನಮ್ಮದಲ್ಲ, ಒಬ್ಬರ ಬೊಲೆರೊ ಸಿಗುತ್ತದೆ, ಅದು ಸಿಗದಿದ್ದರೆ ಇನ್ನೊಬ್ಬರ ಓಮ್ನಿ. ಅವುಗಳಿಗೆ ತೂತು ಕೊರೆಯುವ ಹಾಗಿಲ್ಲ, ಬೆಳಿಗ್ಗೆ ಕಟ್ಟಿ ಸಂಜೆ ಬಿಚ್ಚಿಕೊಡುವ ಹಾಗಿರಬೇಕು. ಖರ್ಚು ಇಪ್ಪತ್ತು ಸಾವಿರದ ಒಳಗೆ.

ಡ್ಯಾಶ್‌ಕ್ಯಾಮ್ ಸಾಕಾ, ಗೋಪ್ರೊ ಬೇಕಾ, ಅಥವಾ ರಾಸ್ಪ್‌ಬೆರಿ ಪೈ (ಅಂಗೈ ಅಗಲದ ಕಂಪ್ಯೂಟರ್ ಬೋರ್ಡ್) ತಂದು ನಾವೇ ಕಟ್ಟಿಕೊಳ್ಳುವುದಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಬೋಲ್ಟು ನಟ್ಟು

ಒಳ್ಳೆ ಕೆಲಸ ಸರ್. ಯಾವ ಕ್ಯಾಮೆರಾ ಅನ್ನುವುದನ್ನು ಬೇರೆಯವರು ಹೇಳಲಿ, ನಾನು ಕಟ್ಟುವುದು ಮತ್ತು ಕರೆಂಟು, ಇವೆರಡರ ಬಗ್ಗೆ ಹೇಳುತ್ತೇನೆ. ಗಾಡಿ ಕೆಲಸ ಹಾಳಾಗುವುದು ಜಾಸ್ತಿ ಇಲ್ಲೇ.

ಡ್ಯಾಶ್‌ಕ್ಯಾಮ್ ಬೇಡ. ಅದು ಇರುವುದು ಅಪಘಾತದ ಸಾಕ್ಷಿಗೆ. ಕಾರ್ಡ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬರೆಯುತ್ತದೆ, ವಿಡಿಯೊವನ್ನು ತುಂಬಾ ಹಿಂಡಿ ಸಣ್ಣದು ಮಾಡಿಡುತ್ತದೆ, ಅದರಿಂದ ಒಂದು ಚಿತ್ರ ತೆಗೆದು ದೊಡ್ಡದು ಮಾಡಿದರೆ ಹೊಂಡವೋ ನೆರಳೋ ಅಂತ ಗೊತ್ತಾಗುವುದಿಲ್ಲ.

ಜಾಗ: ನಿಮ್ಮ ಕಡೆಗೆ ಕ್ಯಾಮೆರಾ ಗಾಡಿಯ ಒಳಗೆ, ಮುಂದಿನ ಗಾಜಿನ ಹಿಂದೆ, ವೈಪರ್ ಓಡಾಡುವ ಭಾಗದಲ್ಲೇ ಇರಲಿ. ಮೇಲೆ ಕ್ಯಾರಿಯರ್‌ಗೆ ಕಟ್ಟಿದರೆ ನೋಟ ಚೆನ್ನಾಗಿ ಸಿಗುತ್ತದೆ ನಿಜ, ಆದರೆ ಒಂದು ಹನಿ ಮಳೆ ಲೆನ್ಸ್ ಮೇಲೆ ಕೂತರೆ ಮುಂದಿನ ಅರ್ಧ ಕಿಲೋಮೀಟರ್ ಎಲ್ಲಾ ಅದೇ ಹನಿ. ಜೊತೆಗೆ ಧೂಳು, ಕೊಂಬೆ. ಒಳಗಿದ್ದರೆ ಗಾಜನ್ನು ವೈಪರ್ ಒರೆಸುತ್ತದೆ. ಡ್ಯಾಶ್‌ಬೋರ್ಡ್ ಬೆಳಕು ಗಾಜಿನಲ್ಲಿ ಪ್ರತಿಫಲಿಸುತ್ತದೆ, ಅದಕ್ಕೆ ಡ್ಯಾಶ್‌ಬೋರ್ಡ್ ಮೇಲೆ ಹೊಳಪಿಲ್ಲದ ಕಪ್ಪು ಬಟ್ಟೆ ಹಾಸಿ. ಪೋಲರೈಸರ್ ಫಿಲ್ಟರ್ ಹಾಕಿದರೂ ಆಗುತ್ತದೆ, ಆದರೆ ಅದು ಬೆಳಕು ತಿನ್ನುತ್ತದೆ, ಕಾಡಿನ ದಾರಿಯಲ್ಲಿ ಬೆಳಕು ಮೊದಲೇ ಕಡಿಮೆ. ಬಟ್ಟೆಯೇ ವಾಸಿ. ಇನ್ನೊಂದು, ಡ್ರೈವರ್ ಕಣ್ಣಿಗೆ ಅಡ್ಡ ಬರಬಾರದು. ಒಳಗಿನ ಕನ್ನಡಿಯ ಹಿಂದೆ, ಎಡಗಡೆಗೆ ಇಡಿ.

ಗಾಜಿಗೆ ಅಂಟುವ ಸಕ್ಷನ್ ಸ್ಟ್ಯಾಂಡ್ ಸಾಕು, ಆದರೆ ಉದ್ದ ಕೋಲಿನದು ಬೇಡವೇ ಬೇಡ. ಕೋಲು ಉದ್ದ ಇದ್ದಷ್ಟೂ ತುದಿ ಜಾಸ್ತಿ ಅಲುಗಾಡುತ್ತದೆ. ಅಂಟಿಸುವ ಮೊದಲು ಗಾಜು ಒರೆಸಿ, ಕಪ್ ಅಂಚಿಗೆ ಸ್ವಲ್ಪ ನೀರು ಸವರಿ. ಕ್ಯಾಮೆರಾದಿಂದ ಕನ್ನಡಿಯ ಕಾಲಿಗೆ ಒಂದು ದಾರ ಕಟ್ಟಿಬಿಡಿ, ಬಿದ್ದರೂ ನೆಲಕ್ಕೆ ಬೀಳಬಾರದು. ಸ್ಟ್ಯಾಂಡಿನ ಸ್ಕ್ರೂಗಳು ನಮ್ಮ ರಸ್ತೆಯ ಕುಲುಕಾಟಕ್ಕೆ ಸಡಿಲ ಆಗುತ್ತವೆ, ಸ್ಪ್ರಿಂಗ್ ವಾಷರ್ ಅಥವಾ ಲಾಕ್ ನಟ್ ಹಾಕಿ.

ಕರೆಂಟು: ಪೈ ಕಟ್ಟುವುದಾದರೆ ಗಾಡಿಯ ಸಿಗರೇಟ್ ಸಾಕೆಟ್‌ನಿಂದ ನೇರವಾಗಿ ಕೊಡಬೇಡಿ. ಎಷ್ಟೋ ಗಾಡಿಯಲ್ಲಿ ಕೀ ಆಫ್ ಮಾಡಿದ ಕೂಡಲೇ ಅದು ಬಂದ್. ಸ್ಟಾರ್ಟ್ ಹೊಡೆಯುವಾಗಲೂ ಬ್ಯಾಟರಿ ವೋಲ್ಟೇಜ್ ಧಡಕ್ ಅಂತ ಇಳಿಯುತ್ತದೆ. ಪೈ ಬರೆಯುತ್ತಿರುವಾಗ ಹೀಗೆ ಆರಿದರೆ ಕಾರ್ಡ್ ಕೆಡುತ್ತದೆ. ಬೇರೆ ಬ್ಯಾಟರಿ ಇಟ್ಟುಕೊಳ್ಳಿ. ಕಂಪ್ಯೂಟರ್ ಯುಪಿಎಸ್‌ನಲ್ಲಿ ಬರುವ 12 ವೋಲ್ಟ್ 7 ಎಎಚ್ ಬ್ಯಾಟರಿ ಎಲ್ಲಾ ಊರಲ್ಲೂ ಸಿಗುತ್ತದೆ. ಅದರಲ್ಲಿ 84 ವ್ಯಾಟ್ ಅವರ್ ಇರುತ್ತದೆ. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಅಂದರೆ ಸುಮಾರು 42. ಪೈ 4 ಕ್ಯಾಮೆರಾ ಸಮೇತ 7 ವ್ಯಾಟ್ ತಿಂದರೆ ಆರು ಗಂಟೆ ಬರುತ್ತದೆ. ನಡುವೆ 5 ವೋಲ್ಟ್‌ಗೆ ಇಳಿಸುವ ಒಳ್ಳೆ ಕನ್ವರ್ಟರ್, ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಫ್ಯೂಸ್. ಪೈ ತನಕ ಹೋಗುವ ವೈರ್ ಗಿಡ್ಡ ಮತ್ತು ದಪ್ಪ ಇರಲಿ. ತೆಳು ಯುಎಸ್‌ಬಿ ವೈರ್‌ನಲ್ಲೇ ವೋಲ್ಟೇಜ್ ಇಳಿದುಹೋಗುತ್ತದೆ, 4.63 ವೋಲ್ಟ್ ಕೆಳಗೆ ಹೋದರೆ ಪೈ ಕರೆಂಟ್ ಕಡಿಮೆ ಅಂತ ಎಚ್ಚರಿಕೆ ಕೊಡುತ್ತದೆ, ಆಮೇಲೆ ತಾನೇ ನಿಧಾನ ಆಗುತ್ತದೆ.

ಎಕ್ಸ್‌ಎಲ್ ಸವಾರ

ನಮ್ಮ ಕಡೆ (ಸಕಲೇಶಪುರ) ಕಾಫಿ ತೋಟದ ಒಳದಾರಿಗಳಿಗೆ ಬೊಲೆರೊ ಹೋಗುವುದಿಲ್ಲ. ನಾವು ಬೈಕ್ ಹ್ಯಾಂಡಲ್‌ಗೆ ಫೋನ್ ಕಟ್ಟಿ ತೆಗೆಯಬಹುದು ಅಂದುಕೊಂಡಿದ್ದೇವೆ. ಅದರ ಬಗ್ಗೆಯೂ ಯಾರಾದರೂ ಹೇಳಿ. ಪೈ, ಬ್ಯಾಟರಿ, ವೈರ್ ಎಲ್ಲಾ ಯಾಕೆ, ಒಂದು ಹಳೆ ಆ್ಯಂಡ್ರಾಯ್ಡ್ ಫೋನ್ ಸಾಕಲ್ವಾ? ಕ್ಯಾಮೆರಾ, ಜಿಪಿಎಸ್, ಬ್ಯಾಟರಿ, ಸ್ಟೋರೇಜ್ ಎಲ್ಲಾ ಅದರಲ್ಲೇ ಇದೆ. ಓಪನ್ ಕ್ಯಾಮೆರಾ ಅಂತ ಆ್ಯಪ್ ಇದೆ, ಉಚಿತ. ಇಷ್ಟು ಸೆಕೆಂಡಿಗೊಂದು ಫೋಟೊ ಅಂತ ಇಡಬಹುದು, ಪ್ರತಿ ಫೋಟೊದಲ್ಲಿ ಜಾಗ ಬರೆಯುತ್ತದೆ. ನೆಟ್ ಬೇಕಾಗಿಲ್ಲ.

ಪಿಕ್ಸೆಲ್ ಅಕ್ಕ

ನಾನು ಬೆಂಗಳೂರಿನಲ್ಲಿ ರಸ್ತೆ ಚಿತ್ರಗಳ ಮೇಲೆಯೇ ಕೆಲಸ ಮಾಡುತ್ತೇನೆ, ಬಿರುಕು, ಹೊಂಡ ಗುರುತು ಹಾಕುವುದು. ಹಾಗಾಗಿ ಚಿತ್ರ ತೆಗೆಯುವವರಿಗಿಂತ ಆಮೇಲೆ ಅದನ್ನು ನೋಡುವವರ ಕಡೆಯಿಂದ ಮಾತಾಡುತ್ತೇನೆ.

ಸವಾರರು ಹೇಳಿದ್ದು ಸರಿ, ಫೋನ್ ಸಾಕು. ಜಗತ್ತಿನಲ್ಲಿ ರಸ್ತೆ ಹಾಳಾಗಿರುವುದನ್ನು ಗುರುತಿಸಲು ಜಾಸ್ತಿ ಬಳಸುವ ಚಿತ್ರಸಂಗ್ರಹಗಳಲ್ಲಿ ಒಂದು ಆರ್‌ಡಿಡಿ 2022. ಜಪಾನ್, ಭಾರತ, ಚೆಕ್, ನಾರ್ವೆ, ಅಮೆರಿಕ, ಚೀನಾ, ಆರು ದೇಶಗಳ 47,420 ಚಿತ್ರ ಅದರಲ್ಲಿದೆ. ಅದರ ಜಪಾನ್, ಭಾರತದ ಚಿತ್ರಗಳು ಬಂದಿದ್ದು ಕಾರಿನೊಳಗೆ ಮುಂದಿನ ಗಾಜಿನ ಹತ್ತಿರ ನಿಲ್ಲಿಸಿದ ಫೋನ್‌ನಿಂದಲೇ. ಹೈದರಾಬಾದಿನ ಐಐಐಟಿ 2018ರಲ್ಲಿ ಹೊರತಂದ ಭಾರತದ ರಸ್ತೆಗಳ ಸಂಗ್ರಹ ಐಡಿಡಿ ಕೂಡ ಕಾರಿಗೆ ಕಟ್ಟಿದ ಮುಂದಿನ ಕ್ಯಾಮೆರಾದ್ದು, ಅದರಲ್ಲಿ ಬೆಂಗಳೂರಿನ ರಸ್ತೆಗಳೂ ಇವೆ. ನಿಮಗೆ ಇದಕ್ಕಿಂತ ದೊಡ್ಡ ಯಂತ್ರ ಬೇಕಾಗಿಲ್ಲ.

ಆದರೆ ಫೋನನ್ನು ಅದರ ಪಾಡಿಗೆ ಬಿಟ್ಟರೆ ಕೆಲಸ ಕೆಡುತ್ತದೆ. ಕಾಡಿನ ದಾರಿಯಲ್ಲಿ ಬೆಳಕು ಕಡಿಮೆ, ಫೋನ್ ತಾನಾಗಿ ಶಟರ್ ಅನ್ನು (ಒಂದು ಫೋಟೊಗೆ ಬೆಳಕು ಒಳಗೆ ಬಿಡುವ ಹೊತ್ತು) 1/50, 1/60 ಸೆಕೆಂಡಿಗೆ ಇಳಿಸುತ್ತದೆ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. 1/50 ಸೆಕೆಂಡಿನಲ್ಲಿ ಗಾಡಿ 22 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಚಿತ್ರವೆಲ್ಲ ಸವರಿದ ಹಾಗೆ. 1/1000 ಇಟ್ಟರೆ ಬರೀ 1.1 ಸೆಂಟಿಮೀಟರ್. ಓಪನ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾ2 ಅನ್ನುವುದನ್ನು ಆರಿಸಿ, ನಿಮ್ಮ ಫೋನ್ ಒಪ್ಪಿದರೆ ಶಟರ್ ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವುದು) ನೀವೇ ಇಡಬಹುದು. ನೇರ ಮುಂದಿನ ನೋಟಕ್ಕೆ 1/500 ಕೂಡ ನಡೆಯುತ್ತದೆ, ದೂರದ್ದು ಚಿತ್ರದಲ್ಲಿ ನಿಧಾನವಾಗಿ ಹಿಗ್ಗುತ್ತದೆ ಅಷ್ಟೆ. ಫೋಕಸ್ ಕೂಡ ಕೈಯಿಂದ ದೂರಕ್ಕೆ ಇಟ್ಟು ಬಿಗಿ ಮಾಡಿ, ಇಲ್ಲದಿದ್ದರೆ ಅದು ಗಾಜಿನ ಮೇಲಿನ ಧೂಳಿಗೆ ಫೋಕಸ್ ಮಾಡಿಕೊಂಡು ಕೂರುತ್ತದೆ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಬಂದರೆ ಬರಲಿ. ಕಾಳು ಇದ್ದರೂ ಹೊಂಡ ಕಾಣುತ್ತದೆ, ಸವರಿಹೋದರೆ ಕಾಣುವುದಿಲ್ಲ.

ಈಗ ಮುಖ್ಯ ಮಾತು. ಮೋರಿ, ಧರೆ ಇವು ಇರುವುದು ಪಕ್ಕದಲ್ಲಿ. ಎಲ್ಲರೂ "ಹಾಗಾದರೆ ಎಡಗಡೆ ಕಿಟಕಿಗೆ ಇನ್ನೊಂದು ಕ್ಯಾಮೆರಾ" ಅಂತಾರೆ. ಲೆಕ್ಕ ನೋಡಿ. ಮೂರು ಮೀಟರ್ ದೂರದ ಧರೆಯನ್ನು 70 ಡಿಗ್ರಿ ಅಗಲದ ಲೆನ್ಸ್ ನೋಡಿದರೆ ಚಿತ್ರದ ಅಗಲಕ್ಕೆ ಸುಮಾರು 4.2 ಮೀಟರ್ ಸಿಗುತ್ತದೆ. 4,000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಪಿಕ್ಸೆಲ್‌ಗೆ ಒಂದು ಮಿಲಿಮೀಟರ್ ಚಿಲ್ಲರೆ. 40ರ ವೇಗದಲ್ಲಿ 1/1000 ಇಟ್ಟರೂ ಹತ್ತಕ್ಕಿಂತ ಜಾಸ್ತಿ ಪಿಕ್ಸೆಲ್ ಸವರುತ್ತದೆ. ಅದರ ಮೇಲೆ ಫೋನ್ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. 25 ಮಿಲಿಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ ಗಾಡಿ 28 ಸೆಂಟಿಮೀಟರ್ ಮುಂದೆ. ಪಕ್ಕದ ಕರೆಂಟ್ ಕಂಬ, ಮೋರಿಯ ಗೋಡೆ ಎಲ್ಲಾ ವಾಲಿಕೊಂಡು ಬರುತ್ತವೆ. ಧರೆ ವಾಲಿದೆಯೋ ಇಲ್ಲವೋ ಅಂತ ನೋಡುವುದಕ್ಕೇ ಫೋಟೊ ತೆಗೆಯುವುದು, ಅದನ್ನು ಕ್ಯಾಮೆರಾವೇ ವಾಲಿಸಿದರೆ ಏನು ಪ್ರಯೋಜನ? ಇದಕ್ಕೆ ಅಂತಲೇ 2023ರಲ್ಲಿ ರಾಸ್ಪ್‌ಬೆರಿ ಪೈಗೆ ಗ್ಲೋಬಲ್ ಶಟರ್ ಕ್ಯಾಮೆರಾ ಬಂತು, ಅದು ಎಲ್ಲಾ ಸಾಲನ್ನೂ ಒಟ್ಟಿಗೆ ಹಿಡಿಯುತ್ತದೆ. ಆದರೆ ಅದು ಬರೀ 1.6 ಮೆಗಾಪಿಕ್ಸೆಲ್, ಲೆನ್ಸ್ ಬೇರೆ ಕೊಳ್ಳಬೇಕು.

ನನ್ನ ಅಭಿಪ್ರಾಯ: ರಸ್ತೆಗೆ ಗಾಡಿ, ಮೋರಿಗೆ ಕಾಲು. ಪ್ರತಿ ಮೋರಿ ಹತ್ತಿರ ಗಾಡಿ ನಿಲ್ಲಿಸಿ, ಒಬ್ಬರು ಇಳಿದು, ನೀರು ಒಳಗೆ ಹೋಗುವ ಕಡೆಯಿಂದ ಒಂದು, ಹೊರಗೆ ಬೀಳುವ ಕಡೆಯಿಂದ ಒಂದು, ಮೇಲಿನ ರಸ್ತೆಯ ಒಂದು ಫೋಟೊ ತೆಗೆಯಲಿ. ಮೋರಿ ಕಟ್ಟಿಕೊಂಡಿದೆಯಾ, ಹೊರಬಾಯಿಯ ಕೆಳಗೆ ಮಣ್ಣು ಕೊರೆದಿದೆಯಾ ಅನ್ನುವುದು ಎಷ್ಟು ಒಳ್ಳೆಯ ಕ್ಯಾಮೆರಾ ಕಟ್ಟಿದರೂ ಗಾಡಿಯಿಂದ ಕಾಣುವುದಿಲ್ಲ. ಬಿರುಕು ಬಿಟ್ಟ ಧರೆಗೂ ಹಾಗೆ, ಇಳಿದು ತೆಗೆಯಿರಿ, ಅಳತೆಗೆ ಒಂದು ಕೋಲು ನಿಲ್ಲಿಸಿ.

ಸವಾರರಿಗೆ: ಬೈಕ್ ಹ್ಯಾಂಡಲ್‌ಗೆ ಒಳ್ಳೆ ಫೋನ್ ಕಟ್ಟಬೇಡಿ. ಎಂಜಿನ್ ನಡುಕ ಕ್ಯಾಮೆರಾದ ಒಳಗಿನ ಅಲುಗಾಟ ತಡೆಯುವ ಭಾಗವನ್ನು ಹಾಳು ಮಾಡಬಹುದು ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಐಫೋನ್ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಆ ಭಾಗ ಇಲ್ಲದ ಸಾದಾ ಹಳೆ ಫೋನ್ ಅಥವಾ ಗೋಪ್ರೊ ತರಹದ ಆ್ಯಕ್ಷನ್ ಕ್ಯಾಮೆರಾ ವಾಸಿ. ಎದೆಗೆ ಕಟ್ಟುವ ಬೆಲ್ಟ್ ಸಿಗುತ್ತದೆ, ಮೈ ತಾನೇ ನಡುಕ ಕುಡಿಯುತ್ತದೆ.

ನಕ್ಷೆ ಬರೆಯುವವ

ಮೇಲಿನವರು ಹೇಳಿದ ಮೇಲೆ ಉಳಿದಿದ್ದು ಜಾಗ ಮತ್ತು ಸಮಯ. ನನ್ನ ಪ್ರಕಾರ ಇದೇ ಇಡೀ ಕೆಲಸದ ಜೀವ. ಎಷ್ಟೇ ಚೆಂದದ ಫೋಟೊ ಆಗಲಿ, ಎಲ್ಲಿ ತೆಗೆದಿದ್ದು ಅಂತ ಗೊತ್ತಿಲ್ಲದಿದ್ದರೆ ಗ್ರಾಮಸಭೆಯಲ್ಲಿ ಅದಕ್ಕೆ ಬೆಲೆ ಇಲ್ಲ.

ನೆಟ್ ಇಲ್ಲದೆಯೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ಮೊದಲ ಸಲ ಉಪಗ್ರಹ ಹಿಡಿಯುವುದಕ್ಕೆ ತಡ ಆಗುತ್ತದೆ. ನೆಟ್ ಇದ್ದಾಗ ಫೋನ್ ಆ ಮಾಹಿತಿಯನ್ನು ನೆಟ್‌ನಿಂದ ತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಆಕಾಶದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು. ಜಿಪಿಎಸ್‌ನ ಪೂರ್ತಿ ಸಂದೇಶ ಒಂದು ಸುತ್ತು ಬರುವುದಕ್ಕೆ 12.5 ನಿಮಿಷ ಬೇಕು. ಹಾಗಾಗಿ ಹೊರಡುವ ಕಾಲು ಗಂಟೆ ಮೊದಲೇ ಅಂಗಳದಲ್ಲಿ, ಮರ ಇಲ್ಲದ ಕಡೆ, ಆನ್ ಮಾಡಿ ಇಟ್ಟುಬಿಡಿ. ಇನ್ನೊಂದು ಕಾರಣವೂ ಇದೆ. ಜಿಪಿಎಸ್ ಗಡಿಯಾರ ನಮ್ಮ ಲೋಕದ ಗಡಿಯಾರಕ್ಕಿಂತ 18 ಸೆಕೆಂಡ್ ಮುಂದಿದೆ. ಎಷ್ಟು ಕಳೆಯಬೇಕು ಅನ್ನುವುದೂ ಆ 12.5 ನಿಮಿಷದ ಸಂದೇಶದಲ್ಲೇ ಬರುತ್ತದೆ.

ಸೆಕೆಂಡಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂದರೆ, 40ರ ವೇಗದಲ್ಲಿ ಒಂದು ಸೆಕೆಂಡ್ ತಪ್ಪಿದರೆ 11 ಮೀಟರ್ ತಪ್ಪುತ್ತದೆ. ನಿಮ್ಮ ಕಡೆಯ ತಿರುವುಗಳಲ್ಲಿ 10 ಸೆಕೆಂಡ್ ತಪ್ಪಿದರೆ ಈ ತಿರುವಿನ ಹೊಂಡ ಮುಂದಿನ ತಿರುವಿನಲ್ಲಿ ಕೂತಿರುತ್ತದೆ. ಪೈ 4ರಲ್ಲಿ ಸ್ವಂತ ಗಡಿಯಾರ ಇಲ್ಲ, ನೆಟ್ ಸಿಗದಿದ್ದರೆ ಅದಕ್ಕೆ ಇವತ್ತು ಯಾವ ದಿನ ಅಂತಲೇ ಗೊತ್ತಾಗುವುದಿಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಆದರೆ ಅದರ ಸಣ್ಣ ಬ್ಯಾಟರಿ ಬೇರೆ ಕೊಳ್ಳಬೇಕು. ಪೈ ಬಳಸುವವರು ಜಿಪಿಎಸ್ ಮಾಡ್ಯೂಲ್‌ನಿಂದಲೇ ಸಮಯ ತೆಗೆದುಕೊಳ್ಳುವ ಹಾಗೆ ಮಾಡಿಕೊಳ್ಳಬೇಕು. ಗೋಪ್ರೊ ಕೊಳ್ಳುವವರು ಒಂದು ನೋಡಿಕೊಳ್ಳಿ, ಹೀರೊ 12ರಲ್ಲಿ ಜಿಪಿಎಸ್ ತೆಗೆದುಹಾಕಿದ್ದಾರೆ, 11 ಮತ್ತು 13ರಲ್ಲಿ ಇದೆ.

ಎಲ್ಲಾ ಕ್ಯಾಮೆರಾಕ್ಕೂ ನಡೆಯುವ ಒಂದು ಸುಲಭ ಉಪಾಯ: ಫೋನ್‌ನಲ್ಲಿ ಜಿಪಿಎಸ್ ಸಮಯ ಸೆಕೆಂಡ್ ಸಮೇತ ತೋರಿಸುವ ಆ್ಯಪ್ ತೆರೆದು, ಹೊರಡುವಾಗ ಒಂದು ಸಲ, ಮುಗಿಸಿದಾಗ ಒಂದು ಸಲ, ಆ ಪರದೆಯ ಫೋಟೊವನ್ನು ಪ್ರತಿ ಕ್ಯಾಮೆರಾದಿಂದಲೂ ತೆಗೆಯಿರಿ. ಕ್ಯಾಮೆರಾ ಗಡಿಯಾರ ಎಷ್ಟು ಹಿಂದೆ ಮುಂದೆ ಇದೆ ಅಂತ ಆಮೇಲೆ ನೋಡಿ, ಫೋಟೊದೊಳಗಿನ ಸಮಯ, ಜಾಗದ ಮಾಹಿತಿ ತಿದ್ದುವ ಎಕ್ಸಿಫ್‌ಟೂಲ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಬಹುದು. ಬೇರೊಂದು ಫೋನ್‌ನಲ್ಲಿ ಓಸ್ಮ್ಆ್ಯಂಡ್ ಅನ್ನುವ ನಕ್ಷೆ ಆ್ಯಪ್ ಹಾಕಿ ಹೋದ ದಾರಿಯನ್ನು ಪೂರ್ತಿ ಜಿಪಿಎಕ್ಸ್ ಫೈಲ್ (ಜಾಗ, ಸಮಯ ಎರಡೂ ಇರುವ ದಾರಿಯ ದಾಖಲೆ) ಆಗಿ ಉಳಿಸಿ, ಫೋಟೊದಲ್ಲಿ ಜಾಗ ಬರದಿದ್ದರೂ ಸಮಯ ಹೊಂದಿಸಿ ಜಾಗ ಸಿಗುತ್ತದೆ. ಜಿಪಿಎಕ್ಸ್ ಸಮಯ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ, ಹೊಂದಿಸುವಾಗ ನೆನಪಿರಲಿ.

ದಟ್ಟ ಮರಗಳ ಕೆಳಗೆ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ಹೋಗುತ್ತದೆ, ಅದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಅದಕ್ಕೆ ಸ್ಲೇಟು ಇಟ್ಟುಕೊಳ್ಳಿ. ರಸ್ತೆ ಹೆಸರು, ಯಾವ ಕಡೆಗೆ, ತಾರೀಕು ಬರೆದು ಶುರುವಿನಲ್ಲಿ ಒಂದು ಫೋಟೊ. ಮೋರಿಗಳಿಗೆ ನೀವೇ ನಂಬರ್ ಕೊಡಿ, ಇಳಿದು ತೆಗೆಯುವಾಗ ಸ್ಲೇಟ್ ಮೇಲೆ ಆ ನಂಬರ್ ಇರಲಿ. ಮುಂದಿನ ವರ್ಷ ಅದೇ ನಂಬರ್.

ಎಷ್ಟು ಫೋಟೊ? ಐದು ಮೀಟರಿಗೊಂದು ಸಾಕು. ಕಿಲೋಮೀಟರಿಗೆ 200 ಆಯಿತು. ಒಂದು ಫೋಟೊ 4 ಎಂಬಿ ಅಂದರೆ ಕಿಲೋಮೀಟರಿಗೆ 800 ಎಂಬಿ, ನೂರು ಕಿಲೋಮೀಟರಿಗೆ 80 ಜಿಬಿ. ಆದರೆ 40ರಲ್ಲಿ ಹೋದರೆ ಸೆಕೆಂಡಿಗೆ ಎರಡಕ್ಕಿಂತ ಜಾಸ್ತಿ ಫೋಟೊ ಬೇಕು, ಹಳೆ ಫೋನ್‌ಗೆ ಕಷ್ಟ. 18ರಲ್ಲಿ ಹೋದರೆ ಸೆಕೆಂಡಿಗೆ ಐದು ಮೀಟರ್, ಒಂದು ಫೋಟೊ. ಹಾಳಾದ ರಸ್ತೆಯಲ್ಲಿ ಹೇಗೂ ಅದಕ್ಕಿಂತ ಜೋರು ಹೋಗುವುದಕ್ಕೆ ಆಗುವುದಿಲ್ಲ ಅಲ್ವಾ. ಹಿಂದೆ ಗಾಡಿ ಬಂದರೆ ಪಕ್ಕಕ್ಕೆ ಕೊಟ್ಟು ಮುಂದೆ ಬಿಡಿ.

ನಿಟ್ಟೂರು ಕಡೆಯವ

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ ಹೇಳಿದ ಇಳಿದು ತೆಗೆಯುವ ಮಾತು ನಮ್ಮ ಹುಡುಗರಿಗೆಲ್ಲ ಹಿಡಿಸಿತು, ಮೋರಿ ಎಣಿಸುವುದಕ್ಕೆ ಈಗಲೇ ಇಬ್ಬರು ಹೊರಟಿದ್ದಾರೆ. ಪೈ ಬಿಟ್ಟೆವು, ಫೋನ್ ಅಂತ ತೀರ್ಮಾನ ಆಯಿತು.

ಇನ್ನೂ ಮೂರು ಕೇಳಬೇಕು. ಒಂದು, ಮಳೆಗೆ ಮೊದಲು ತೆಗೆದದ್ದು ಬೊಲೆರೊದಲ್ಲಿ, ಮಳೆ ಆದ ಮೇಲೆ ಓಮ್ನಿಯಲ್ಲಿ ಅಂತಾದರೆ ಎರಡೂ ಫೋಟೊ ಹೋಲಿಸುವುದು ಹೇಗೆ? ಎರಡು, ಇದಕ್ಕೆ ಅನುಮತಿ ಏನಾದರೂ ಬೇಕಾ? ಕೆಲವು ದಾರಿ ಕಾಡಿನ ಒಳಗೆ ಹೋಗುತ್ತದೆ. ಮೂರು, ತೆಗೆದ ಫೋಟೊಗಳನ್ನು ನೆಟ್ ಇಲ್ಲದೆ ಎಲ್ಲರಿಗೂ ತೋರಿಸುವುದು ಹೇಗೆ?

ಬೋಲ್ಟು ನಟ್ಟು

ಮೊದಲನೆಯದಕ್ಕೆ ನನ್ನ ಉತ್ತರ. ಆದಷ್ಟು ಒಂದೇ ಗಾಡಿ. ಬೊಲೆರೊ ಎತ್ತರ ಬೇರೆ, ಓಮ್ನಿ ಎತ್ತರ ಬೇರೆ, ಓಮ್ನಿಗೆ ಮುಂದೆ ಬಾನೆಟ್ಟೇ ಇಲ್ಲ. ಗಾಡಿ ಬದಲಾದರೂ ಹೊಂಡ ಹೊಂಡವೇ, ಆದರೆ ಎಷ್ಟು ದೊಡ್ಡದಾಯಿತು ಅಂತ ಹೇಳುವುದು ಕಷ್ಟ.

ಬೊಲೆರೊದಲ್ಲೇ ಮಾಡುವುದಾದರೆ ಹೀಗೆ. ಸಕ್ಷನ್ ಕಪ್ ಕೂರುವ ಜಾಗದ ಸುತ್ತ ಗಾಜಿನ ಒಳಗಡೆ ಪೇಂಟ್ ಮಾರ್ಕರ್‌ನಿಂದ ನಾಲ್ಕು ಚುಕ್ಕೆ ಇಡಿ, ಓನರ್ ಒಪ್ಪಿದರೆ. ಚಿತ್ರದ ಕೆಳಗಿನ ಅಂಚಿನಲ್ಲಿ ಬಾನೆಟ್ ತುದಿ ಸ್ವಲ್ಪ ಕಾಣುವ ಹಾಗೆ ಕ್ಯಾಮೆರಾ ಬಗ್ಗಿಸಿ. ಬಾನೆಟ್ ಅಡ್ಡ ಬಂತು ಅಂತ ಅದನ್ನು ತಪ್ಪಿಸಲು ನೋಡುವವರೇ ಜಾಸ್ತಿ. ಅದು ಬೇಕು. ಕುಲುಕಾಟಕ್ಕೆ ಕ್ಯಾಮೆರಾ ಜರುಗಿದರೆ ಬಾನೆಟ್ ಗೆರೆ ಚಿತ್ರದಲ್ಲಿ ಮೇಲೆ ಕೆಳಗೆ ಆಗುತ್ತದೆ, ಎಲ್ಲಿಂದ ಜರುಗಿತು ಅಂತ ಆ ಗೆರೆಯೇ ಹೇಳುತ್ತದೆ. ಒಂದು ಒಳ್ಳೆ ಫೋಟೊ ಪ್ರಿಂಟ್ ಹಾಕಿಸಿ ಗಾಡಿಯಲ್ಲಿಡಿ, ಮುಂದಿನ ಸಲ ಬಾನೆಟ್ ಗೆರೆ ಅದೇ ಜಾಗಕ್ಕೆ ಬರುವ ತನಕ ಹೊಂದಿಸಿ, ಆಮೇಲೆ ಹೊರಡಿ. ಟೈರ್ ಗಾಳಿಯೂ ಸರಿಯಾಗಿರಲಿ.

ಫೋನ್ ಬಿಸಿ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ಬಿಸಿಲಿನಲ್ಲಿ ಗಾಜಿನ ಹಿಂದೆ ಇಟ್ಟರೆ ಫೋನ್ ಕಾದು ಕ್ಯಾಮೆರಾ ತಾನೇ ಮುಚ್ಚಿಕೊಳ್ಳುತ್ತದೆ. ಹಿಂದಿನ ಕವರ್ ತೆಗೆದುಬಿಡಿ, ಪರದೆಯ ಬೆಳಕು ಪೂರ್ತಿ ಇಳಿಸಿ, ಎಸಿ ಇಲ್ಲದ ಗಾಡಿಯಾದರೆ ಬ್ಲೋವರ್ ಗಾಳಿ ಗಾಜಿನ ಕಡೆ ತಿರುಗಿಸಿ. ಏರೋಪ್ಲೇನ್ ಮೋಡ್ ಹಾಕಿದರೆ ಸಿಗ್ನಲ್ ಹುಡುಕುವ ಕೆಲಸ ತಪ್ಪುತ್ತದೆ, ಬಿಸಿಯೂ ಕಡಿಮೆ.

ನಕ್ಷೆ ಬರೆಯುವವ

ಅನುಮತಿ ಬಗ್ಗೆ. 2011ರಲ್ಲಿ ಗೂಗಲ್ ಸ್ಟ್ರೀಟ್ ವ್ಯೂ ಗಾಡಿಗಳನ್ನು ಬೆಂಗಳೂರಿನಲ್ಲಿ ಪೊಲೀಸರು ನಿಲ್ಲಿಸಿದ್ದು ಕೆಲವರಿಗೆ ನೆನಪಿರಬಹುದು. ಆಮೇಲೆ ಪರಿಸ್ಥಿತಿ ಬದಲಾಗಿದೆ. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ತಂದಿತು. ಗಾಡಿಯಿಂದ ಮಾಡುವ ಬೀದಿ ಸರ್ವೆಯನ್ನು ಭಾರತೀಯರು, ಭಾರತದ ಸಂಸ್ಥೆಗಳು ಮಾತ್ರ ಮಾಡಬಹುದು, ಅದಕ್ಕೆ ಮೊದಲಿನ ಹಾಗೆ ಮುಂಚಿತ ಅನುಮತಿ ಬೇಕಿಲ್ಲ. ಅದಕ್ಕೇ 2022ರಲ್ಲಿ ಸ್ಟ್ರೀಟ್ ವ್ಯೂ ಮತ್ತೆ ಬಂದಾಗ ಗೂಗಲ್ ತಾನೇ ಚಿತ್ರ ತೆಗೆಯಲಿಲ್ಲ, ಜೆನೆಸಿಸ್ ಮತ್ತು ಟೆಕ್ ಮಹೀಂದ್ರಾ ತೆಗೆದವು.

ನಿಮ್ಮೂರಿನ ರಸ್ತೆಯನ್ನು ನೀವು ತೆಗೆಯುವುದಕ್ಕೆ ತೊಂದರೆ ಇಲ್ಲ. ಆದರೂ ಪಂಚಾಯಿತಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ, ಯಾರಾದರೂ ಗಾಡಿ ನಿಲ್ಲಿಸಿ ಕೇಳಿದರೆ ತೋರಿಸಬಹುದು. ಅಭಯಾರಣ್ಯದ ಒಳಗೆ ಹೋಗುವ ದಾರಿಗೆ ಮಾತ್ರ ಮೊದಲೇ ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ, ಅಲ್ಲಿ ಇಳಿದು ಫೋಟೊ ತೆಗೆಯುವುದು ಬೇರೆ ವಿಷಯ. ಅಣೆಕಟ್ಟು, ವಿದ್ಯುತ್ ಕೇಂದ್ರದ ಹತ್ತಿರ ಫೋಟೊ ನಿಷೇಧದ ಬೋರ್ಡ್ ಕಂಡ ಕೂಡಲೇ ಕ್ಯಾಮೆರಾ ನಿಲ್ಲಿಸಿ.

ಜನರ ಮುಖ, ಗಾಡಿ ನಂಬರ್, ಮನೆ ಅಂಗಳ ಇವು ಫೋಟೊದಲ್ಲಿ ಬಂದೇ ಬರುತ್ತವೆ. ಹೊರಗೆ ಯಾರಿಗೂ ಕೊಡುವ ಮೊದಲು ಅವನ್ನು ಮಸುಕು ಮಾಡಿ. ಊರಿನವರಿಗೆ ಇದು ಮುಖ್ಯ, ನಾಳೆ ಒಬ್ಬರು "ನಮ್ಮನೆ ಯಾಕೆ ತೆಗೆದಿರಿ" ಅಂದರೆ ಇಡೀ ಕೆಲಸದ ಮೇಲೆ ನಂಬಿಕೆ ಹೋಗುತ್ತದೆ.

ತೋರಿಸುವುದಕ್ಕೆ ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್ ಸಾಕು. ಉಚಿತ, ಹಳೆ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಜಾಗ ಇರುವ ಫೋಟೊಗಳ ಫೋಲ್ಡರ್ ಕೊಟ್ಟರೆ ಪ್ರತಿ ಫೋಟೊವನ್ನೂ ನಕ್ಷೆಯಲ್ಲಿ ಚುಕ್ಕೆಯಾಗಿ ಹಾಕುವ ಸೌಲಭ್ಯ ಅದರಲ್ಲೇ ಇದೆ. ಜನರೇ ಸೇರಿ ಬರೆಯುವ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಿಮ್ಮ ಭಾಗದ ಡೇಟಾ ಒಂದು ಸಲ ನೆಟ್ ಇರುವ ಕಡೆ ಇಳಿಸಿಕೊಂಡರೆ ಆಯಿತು, ಆಮೇಲೆ ಪಂಚಾಯಿತಿ ಸಭಾಂಗಣದಲ್ಲಿ ಪ್ರೊಜೆಕ್ಟರ್ ಹಚ್ಚಿ ನೆಟ್ ಇಲ್ಲದೆ ತೋರಿಸಬಹುದು. ಮುಂದೆ ಎಲ್ಲರಿಗೂ ಬಿಡಬೇಕು ಅನ್ನಿಸಿದರೆ ರಸ್ತೆ ಫೋಟೊ ಹಂಚುವ ಮ್ಯಾಪಿಲರಿ ತಾಣ ಇದೆ, ಈಗ ಅದು ಫೇಸ್‌ಬುಕ್‌ನವರದು. ಫ್ರಾನ್ಸಿನಲ್ಲಿ ಶುರುವಾದ ಪನೊರಾಮ್ಯಾಕ್ಸ್ ಅಂತ ಇನ್ನೊಂದಿದೆ, ಅದನ್ನು ನಮ್ಮದೇ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡು ನಡೆಸಬಹುದು. ನಾನಾದರೆ ಎರಡನೆಯದರ ಕಡೆ. ಊರಿನ ದಾಖಲೆ ಊರಿನ ಹತ್ತಿರವೇ ಇರಬೇಕು.

ಫೋಲ್ಡರ್ ಹೆಸರು: ತಾರೀಕು, ರಸ್ತೆ, ಯಾವ ಕಡೆಗೆ. ಕ್ಯಾಮೆರಾ ಕೊಟ್ಟ ಮೂಲ ಫೈಲ್ ಹೆಸರು ಮುಟ್ಟಬೇಡಿ. ಸಂಜೆ ಮನೆಗೆ ಬಂದ ಕೂಡಲೇ ಎರಡು ಹಾರ್ಡ್‌ಡಿಸ್ಕ್‌ಗೆ ನಕಲು, ಎರಡೂ ಬೇರೆಬೇರೆ ಮನೆಯಲ್ಲಿ ಇರಲಿ. ಎರಡರಲ್ಲೂ ಫೈಲ್ ತೆರೆದು ನೋಡಿ ಖಾತ್ರಿ ಆದ ಮೇಲೆ ಫೋನ್ ಖಾಲಿ ಮಾಡಿ.

ಪಿಕ್ಸೆಲ್ ಅಕ್ಕ

ಎರಡು ವಿಷಯ ಸೇರಿಸುತ್ತೇನೆ.

ಬಿಸಿಲು ಚುರುಕಾಗಿರುವಾಗ ಮರದ ಕೆಳಗೆ ತೆಗೆಯಬೇಡಿ. ಎಲೆಗಳ ನಡುವಿನಿಂದ ಬೀಳುವ ಬಿಸಿಲಿನ ಮಚ್ಚೆ ರಸ್ತೆ ತುಂಬಾ ಇರುತ್ತದೆ, ಅದರಲ್ಲಿ ಹೊಂಡ ಯಾವುದು ನೆರಳು ಯಾವುದು ಅಂತ ಮನುಷ್ಯರಿಗೇ ಗೊತ್ತಾಗುವುದಿಲ್ಲ, ಕಂಪ್ಯೂಟರ್‌ಗಂತೂ ಇಲ್ಲವೇ ಇಲ್ಲ. ಮೋಡ ಕವಿದ ದಿನ, ಬೆಳಿಗ್ಗೆ ಮಂಜು ಹೋದ ಮೇಲೆ, ಇದು ಒಳ್ಳೆಯ ಹೊತ್ತು.

ಇನ್ನೊಂದು, ನೀವು ಮಳೆಗೆ ಮೊದಲು, ಮಳೆ ಆದ ಮೇಲೆ ಅಂತ ಎರಡೇ ಸಲ ಅಂದಿರಿ. ಸಾಧ್ಯವಾದರೆ ಮಳೆ ಬರುತ್ತಿರುವಾಗಲೂ ಒಂದು ಸಲ ಹೋಗಿ. ಜುಲೈನಲ್ಲಿ, ಜೋರು ಮಳೆ ಸ್ವಲ್ಪ ಹೊಳವಾದ ತಕ್ಷಣ. ಹೊಂಡದ ಆಳ ಆಗ ಕಾಣುವುದಿಲ್ಲ, ನೀರು ತುಂಬಿರುತ್ತದೆ. ಆದರೆ ನೀರು ಚರಂಡಿ ಬಿಟ್ಟು ರಸ್ತೆ ಮೇಲೆ ಎಲ್ಲಿಂದ ಹತ್ತುತ್ತದೆ, ಎಲ್ಲಿ ರಸ್ತೆ ದಾಟಿ ಕೆಳಗಿನ ತೋಟಕ್ಕೆ ಇಳಿಯುತ್ತದೆ, ಧರೆಯ ಯಾವ ಭಾಗದಿಂದ ಕೆಂಪು ನೀರು ಬರುತ್ತಿದೆ, ಇದು ಆ ಹೊತ್ತಿನಲ್ಲಿ ಮಾತ್ರ ಸಿಗುವುದು. ಹೊಂಡ ಎಲ್ಲಿದೆ ಅನ್ನುವುದು ಆಗಿಹೋದ ಹಾನಿ. ನೀರು ಎಲ್ಲಿ ದಾರಿ ತಪ್ಪಿದೆ ಅಂತ ಗೊತ್ತಾದರೆ ಮುಂದಿನ ಹಾನಿ ತಡೆಯಬಹುದು, ಒಂದು ಚರಂಡಿ ಬಿಡಿಸಿದರೆ ಮೋರಿ ಉಳಿಯಬಹುದು. ಆದರೆ ಆ ದಿನ ಧರೆ ಕೆಳಗೆ ಯಾರೂ ಇಳಿಯಬೇಡಿ, ಗಾಡಿಯಿಂದ ಸಿಕ್ಕಷ್ಟೇ ಸಾಕು. ಮಣ್ಣು ಸಡಿಲ ಇರುತ್ತದೆ.

ಎಕ್ಸ್‌ಎಲ್ ಸವಾರ

ಎದೆ ಬೆಲ್ಟ್ ಉಪಾಯ ಚೆನ್ನಾಗಿದೆ ಅಕ್ಕ, ಅದನ್ನೇ ಮಾಡುತ್ತೇವೆ. ಒಂದು ಕೇಳಬೇಕಿತ್ತು. ಒಂದು ರಸ್ತೆಗೆ ಹೋಗುವಾಗ ಮಾತ್ರ ತೆಗೆದರೆ ಸಾಕಾ, ಬರುವಾಗಲೂ ತೆಗೆಯಬೇಕಾ? ಕಾರ್ಡ್ ಬೇಗ ತುಂಬುತ್ತದೆ ಅಂತ ಕೇಳಿದೆ.

ನಕ್ಷೆ ಬರೆಯುವವ

ಎರಡೂ ಕಡೆ ತೆಗೆಯಿರಿ, ಬೇರೆಬೇರೆ ಫೋಲ್ಡರ್‌ನಲ್ಲಿ. ಘಟ್ಟದ ದಾರಿಯಲ್ಲಿ ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಕಮರಿ. ನಾವು ಎಡಗಡೆ ಹೋಗುವುದರಿಂದ ಹೋಗುವಾಗ ಧರೆ ಹತ್ತಿರ ಸಿಕ್ಕರೆ, ಬರುವಾಗ ಕಮರಿ ಅಂಚು ಹತ್ತಿರ ಸಿಗುತ್ತದೆ. ರಸ್ತೆ ಅಂಚು ಕೆಳಗಿನಿಂದ ಕೊರೆದುಹೋಗುವುದು ಶುರುವಾಗುವುದು ಆ ಕಮರಿ ಕಡೆಯಿಂದ, ಅದು ಹೋಗುವಾಗಿನ ಫೋಟೊದಲ್ಲಿ ಕಾಣುವುದೇ ಇಲ್ಲ. ಕಾರ್ಡ್ ಸಾಲದಿದ್ದರೆ ದಿನಕ್ಕೆ ಅರ್ಧ ರಸ್ತೆ ಮಾಡಿ, ಆದರೆ ಮಾಡಿದಷ್ಟನ್ನು ಎರಡೂ ಕಡೆ ಮಾಡಿ.